ಮಾನ್ಯಖೇಟೀಯ ದ್ರಾಕ್ಷಾರಸ ಮೀಮಾಂಸೆ

ದ್ರಾಕ್ಷಾರಸಾಸ್ವಾದ ಕೂಟವೆಂದರೆ, ಕುಡಿಯಲು ಸೇರಿದವರು ತಾವು ಕುಡಿಯುವುದಕ್ಕಾಗಿ ಸೇರಿಲ್ಲವೆಂಬುದನ್ನು ಶಾಸ್ತ್ರೋಕ್ತವಾಗಿ ಸಾಧಿಸಿ ತೋರಿಸುವ ಸಭೆ ಎಂದು ಈ ಪ್ರಬಂಧದ ಮಟ್ಟಿಗೆ ಗ್ರಹಿಸತಕ್ಕದ್ದು. ಬೆಂಗಳೂರಿನಲ್ಲಿ ಚಂದಾ ಕೊಟ್ಟು ಇಂಥ ಕೂಟದ ಸದಸ್ಯರಾಗುವ ಪದ್ಧತಿ ಬೇರೂರಿದ್ದರೂ, ಒಂದು ಕಾಲಕ್ಕೆ ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಮಾನ್ಯಖೇಟದಲ್ಲಿ, ಅಂದರೆ ಇಂದಿನ ಸೇಡಂ ತಾಲ್ಲೂಕಿನ ಮಳಖೇಡದಲ್ಲಿ, ಅದರ ಸುಳಿವೇ ಕಾಣದಿರುವುದು ಸಂಶೋಧಕರ ಕಣ್ಣಿಗೆ ಬೀಳದೆ ಹೋದದ್ದು ವಿಷಾದದ ಸಂಗತಿ.

ಈ ಕೊರತೆಯ ಮೂಲವನ್ನು ಒಂಬತ್ತನೆಯ ಶತಮಾನದಲ್ಲೇ ಹುಡುಕಬೇಕು. ಸುಲೈಮಾನನೆಂಬ ವರ್ತಕನ ಹೆಸರಿಗೆ ಅಂಟಿಕೊಂಡಿರುವ, ಕ್ರಿ.ಶ. 851ರ ಅರಬ್ಬೀ ವೃತ್ತಾಂತವು ಬಲ್ಹರನನ್ನು, ಎಂದರೆ ರಾಷ್ಟ್ರಕೂಟರ ವಲ್ಲಭರಾಜನನ್ನು, ಖಲೀಫ, ಚೀನಾದ ಸಾಮ್ರಾಟ ಮತ್ತು ಬೈಜಾಂಟಿಯಂ ದೊರೆಯ ಸಾಲಿನಲ್ಲಿ ಕೂರಿಸಿ, ಹಿಂದೂದೇಶದವರು ಮದ್ಯ ಮುಟ್ಟರೆಂದೂ, ಮದ್ಯದಿಂದಾದದ್ದೆಂಬ ಕಾರಣಕ್ಕೆ ವಿನೆಗರನ್ನೂ ಒಲ್ಲರೆಂದೂ, ಕುಡಿಯುವ ಅರಸನನ್ನು ಅರಸನೆಂದೇ ಎಣಿಸರೆಂದೂ ಹೇಳುತ್ತದೆ. ವರದಿಗಾರನು ಇದನ್ನು ಅರಮನೆಯ ಹೆಬ್ಬಾಗಿಲಲ್ಲಿ ನಿಂತು ಬರೆದುಕೊಂಡನೋ ಹಿತ್ತಿಲಲ್ಲಿ ನಿಂತೋ ಎಂಬುದು ಚರ್ಚಾಸ್ಪದ. ಏಕೆಂದರೆ ಕಲ್ಯಾಣದ ಮೂರನೆಯ ಸೋಮೇಶ್ವರನು 1129ರ ಸುಮಾರಿಗೆ ರಚಿಸಿದ ಮಾನಸೋಲ್ಲಾಸದಲ್ಲಿ ಮದ್ಯಪಾನವು ರಾಜವಿನೋದಗಳ ಪಟ್ಟಿಯಲ್ಲೇ ಸೇರಿದೆ; ಅದೇ ಶತಮಾನದ ಕಲ್ಯಾಣದಲ್ಲಿ ಹೆಂಡದ ಮಾರಯ್ಯನೆಂಬ ಶರಣನು ಹೆಂಡ ಮಾರುವ ಕಾಯಕದ ಜೊತೆಗೇ ವಚನವನ್ನೂ ರಚಿಸಿದ್ದಾನೆ. ಆದ್ದರಿಂದ ಈ ಸೀಮೆಯಲ್ಲಿ ಕೊರತೆಯಿದ್ದದ್ದು ಪಾನದ್ದಲ್ಲ, ಪಾನದ ಮೇಲಿನ ಪ್ರಬಂಧದ್ದು ಎಂದು ಸದ್ಯಕ್ಕೆ ನಿರ್ಣಯಿಸಬಹುದು.

ಶಾಸ್ತ್ರಕ್ಕೆ ಬೇಕಾದ ಚೌಕಟ್ಟಂತೂ ಇಲ್ಲಿಯೇ ಸಿದ್ಧವಾಗಿದೆ. ನೃಪತುಂಗನ ಆಸ್ಥಾನದಲ್ಲಿ ಶ್ರೀವಿಜಯನು ರಚಿಸಿದ ಕವಿರಾಜಮಾರ್ಗವು ಕಾವ್ಯವನ್ನು ದಕ್ಷಿಣ ಮಾರ್ಗ, ಉತ್ತರ ಮಾರ್ಗವೆಂದು ವಿಂಗಡಿಸುವಂತೆ, ಕರ್ನಾಟಕದ ವೈನನ್ನೂ ನಂದಿಬೆಟ್ಟದ ಆಸುಪಾಸಿನ ದಕ್ಷಿಣ ಮಾರ್ಗವೆಂದೂ, ವಿಜಯಪುರ-ಬಾಗಲಕೋಟೆಗಳ ಕೃಷ್ಣಾ ತೀರದ ಉತ್ತರ ಮಾರ್ಗವೆಂದೂ ವಿಂಗಡಿಸಲು ಯಾವ ಅಡ್ಡಿಯೂ ಇಲ್ಲ. ಸರ್ಕಾರವು 2007ರಲ್ಲಿ ವೈನ್ ನೀತಿಯನ್ನು ಹೊರಡಿಸಿದ್ದೂ, ಅದೇ ವರ್ಷದ ಜುಲೈ 1ರಿಂದ ಸಾರಾಯಿಯನ್ನು ನಿಷೇಧಿಸಿದ್ದೂ ಗುಣಸ್ವೀಕಾರ ಮತ್ತು ದೋಷಪರಿಹಾರಗಳೆಂಬ ಅಲಂಕಾರಶಾಸ್ತ್ರದ ಕ್ರಮಕ್ಕೆ ಅನುಗುಣವಾಗಿಯೇ ಇದೆ. ಯಾವುದು ಗುಣ, ಯಾವುದು ದೋಷ ಎಂಬುದನ್ನು ಸೀಸೆಯ ಬೆಲೆ ನೋಡಿ ತಿಳಿಯತಕ್ಕದ್ದು.

ಇನ್ನು ತೆರ್ವಾರ್ ವಿಚಾರ. ನೆಲ, ನೀರು, ಬಿಸಿಲುಗಳ ಗುಣ ಹಣ್ಣಿನ ಮೂಲಕ ರಸಕ್ಕೆ ಇಳಿಯುವುದನ್ನು ಫ್ರೆಂಚರು ಹೀಗೆ ಕರೆಯುತ್ತಾರೆ. ಶಾಬ್ಲಿ ಸೀಮೆಯವರು ತಮ್ಮ ಬಿಳಿ ವೈನಿನ ಹಿರಿಮೆಗೆ ಸುಮಾರು 15 ಕೋಟಿ ವರ್ಷ ಹಳೆಯ, ಸಿಂಪಿಚಿಪ್ಪು ತುಂಬಿದ ಸುಣ್ಣಗಲ್ಲೇ ಕಾರಣವೆಂದು ಬೀಗುವುದುಂಟು. ಭೀಮಾ ತೀರದ ಸುಣ್ಣಗಲ್ಲಾದರೋ ಜಗತ್ತಿನಲ್ಲಿ ಸಿಂಪಿಯೆಂಬ ಜೀವಿಯೇ ಹುಟ್ಟುವುದಕ್ಕೆ ಮುಂಚಿನದಾದ್ದರಿಂದ, ಹಿರಿತನದ ಲೆಕ್ಕದಲ್ಲಿ ಮಳಖೇಡದ ಮುಂದೆ ಶಾಬ್ಲಿ ನಿನ್ನೆ ಮೊನ್ನೆಯ ಕೂಸು. ಆದರೆ ವಾಡಿ, ಶಹಾಬಾದ್, ಮಳಖೇಡಗಳಲ್ಲಿ ಈ ಕಲ್ಲನ್ನು ಬಳ್ಳಿಯ ಬೇರಿಗೆ ಉಣಿಸದೆ, ಒಂದು ಪಾಲನ್ನು 1,450 ಡಿಗ್ರಿಯಷ್ಟು ಕಾಸಿ ಸಿಮೆಂಟು ಮಾಡಿ, ಇನ್ನೊಂದು ಪಾಲನ್ನು ಫರ್ಸಿಯಾಗಿ ಕಡಿದು ಲಾರಿಗೆ ಏರಿಸುವುದರಿಂದ, ಇಲ್ಲಿನ ತೆರ್ವಾರ್ ದ್ರಾಕ್ಷಿಗೆ ಇಳಿಯುವ ಬದಲು ಪರಊರಿನವರ ಮನೆಗಳ ಆರ್‌ಸಿಸಿ ಮಾಳಿಗೆಗೆ ಏರಿದೆ.

ಕೂಟದ ವಿಧಿಯು ನಾಲ್ಕು ಅಂಗಗಳುಳ್ಳದ್ದು: ನೋಟ, ಆಘ್ರಾಣ, ಆಸ್ವಾದ, ನಿಷ್ಠೀವನ. ಇವುಗಳಲ್ಲಿ ಹೊಸ ಸದಸ್ಯರನ್ನು ಹೆಚ್ಚು ಕಾಡುವುದು ಆಘ್ರಾಣ, ಎಂದರೆ ಲೋಟದೊಳಗೆ ಮೂಗಿಟ್ಟು ಕಂಡದ್ದನ್ನು ಸಭೆಗೆ ಹೇಳುವುದು. ಕ್ಯಾಲಿಫೋರ್ನಿಯಾದ ಡೇವಿಸ್ ವಿಶ್ವವಿದ್ಯಾಲಯದ ಆನ್ ನೋಬಲ್ ಅವರು 1984ರಲ್ಲಿ ಪ್ರಕಟಿಸಿದ ಪರಿಮಳಚಕ್ರದಲ್ಲಿ ಬ್ಲ್ಯಾಕ್‌ಕರಂಟ್ ಮೊದಲಾದ, ಚಿಂಚೋಳಿಯ ಸಂತೆಯಲ್ಲಿ ಸಿಗದ ಹಣ್ಣುಗಳಿವೆ ಎಂಬುದು ನಿಜವಾದರೂ, ಅದರಲ್ಲೇ ಡೀಸೆಲ್, ಸೀಮೆಎಣ್ಣೆ, ಒದ್ದೆ ನಾಯಿ ಎಂಬ ವಾಸನೆಗಳೂ ಇರುವುದರಿಂದ ಸೇಡಂ ಬಸ್‌ಸ್ಟ್ಯಾಂಡಿನಲ್ಲಿ ಮಳೆಗಾಲ ಕಳೆದವರು ಎದೆಗುಂದಬೇಕಿಲ್ಲ. ಖನಿಜಗುಣವೆಂದು ಪಂಡಿತರು ಹೊಗಳುವ ಪರಿಮಳವನ್ನಂತೂ ಇಲ್ಲಿ ಚಂದಾ ಇಲ್ಲದೆಯೇ ಪಡೆಯಬಹುದು: ಮೇ ತಿಂಗಳ ಇಳಿಹೊತ್ತಿನಲ್ಲಿ ಅಂಗಳದ ಕಾದ ಫರ್ಸಿಯ ಮೇಲೆ ಒಂದು ಚರಿಗೆ ನೀರು ಸುರಿದರೆ, ಬೂದು ಕಲ್ಲು ಕ್ಷಣಹೊತ್ತು ಕಾರ್ಮೋಡದ ಬಣ್ಣಕ್ಕೆ ತಿರುಗಿ, ಅಂಚಿನಿಂದ ಒಳಮುಖವಾಗಿ ಆರುತ್ತ ಬರುವಾಗ ಏಳುವ ವಾಸನೆಯೇ ಅದು. ಇಷ್ಟಾಗಿಯೂ ಧೈರ್ಯ ಸಾಲದವರು 2001ರ ಬೋರ್ಡೋ ಪ್ರಯೋಗವನ್ನು ನೆನೆಯಬಹುದು. ಬಿಳಿ ವೈನಿಗೆ ವಾಸನೆಯಿಲ್ಲದ ಕೆಂಪು ಬಣ್ಣ ಬೆರೆಸಿ ಕೊಟ್ಟಾಗ ಅಲ್ಲಿನ ವೈನ್ ವಿದ್ಯಾರ್ಥಿಗಳು, ಒಟ್ಟು 54 ಮಂದಿ, ಅದನ್ನು ಕೆಂಪು ವೈನಿಗೆ ಮೀಸಲಾದ ಪದಗಳಿಂದಲೇ ವರ್ಣಿಸಿದ್ದರು.

ನಿಷ್ಠೀವನವೆಂದರೆ ಸವಿದದ್ದನ್ನು ನುಂಗದೆ ಪೀಕದಾನಿಗೆ ಉಗುಳುವುದು. ಪರದೇಶದ ಕಲಿಕೆಯವರು ಇದಕ್ಕಾಗಿ ಸ್ನಾನದ ಮನೆಯಲ್ಲಿ ನೀರಿಟ್ಟುಕೊಂಡು ಅಭ್ಯಾಸ ಮಾಡುತ್ತಾರೆ. ವಾಡಿ ಜಂಕ್ಷನ್ನಿನಲ್ಲಿ, ಹೊರಟ ರೈಲಿನ ಬಾಗಿಲಲ್ಲಿ ನಿಂತು, ಪಕ್ಕದವರ ಧೋತರಕ್ಕೆ ಹನಿಯೂ ಸಿಡಿಯದಂತೆ ಎಲೆಅಡಿಕೆ ರಸವನ್ನು ಹಳಿಗೆ ಮುಟ್ಟಿಸುವ ಪ್ರಯಾಣಿಕರಿಗೆ ಈ ಅಂಗದಲ್ಲಿ ಪರೀಕ್ಷೆಯಿಲ್ಲದೆ ಪದವಿ ಕೊಡುವುದು ನ್ಯಾಯ. ನಿಷ್ಠೀವನವನ್ನು ಅಲಕ್ಷಿಸಿದವರು ಮಾಧುರ್ಯ, ಓಜಸ್ಸು, ಕಾಂತಿಗಳನ್ನು ದಾಟಿ, ಆಲಂಕಾರಿಕ ದಂಡಿಯು ಹೇಳಿದ ಹತ್ತು ಕಾವ್ಯಗುಣಗಳಲ್ಲಿ ಕಡೆಯದಾದ ಸಮಾಧಿಯನ್ನು ಸಭೆಯಲ್ಲೇ ಹೊಂದುತ್ತಾರೆ.

ಪುಂಡಿಪಲ್ಯದೊಂದಿಗೆ ಯಾವ ವೈನು ಹೊಂದುತ್ತದೆಂಬ ಪ್ರಶ್ನೆಗೆ, ಹುಳಿಗೆ ಹುಳಿಯೇ ಜೋಡಿಯೆಂಬ ನಿಯಮದಂತೆ ಹುಳಿ ಮುಂದಾದ ಬಿಳಿ ವೈನೆಂದು ಉತ್ತರಿಸಬಹುದಾದರೂ, ಜೊತೆಗೆ ಕೆಂಪುಖಾರ ಕಲಸಿದ ಶೇಂಗಾ ಹಿಂಡಿ ಬಂದೊಡನೆ ಯಾವ ವೈನಿನ ನಿಯಮವೂ ನಿಲ್ಲುವುದಿಲ್ಲ, ಮಜ್ಜಿಗೆಯೇ ಗತಿ.

ಇಷ್ಟನ್ನು ಓದಿಯೂ ಸದಸ್ಯರಾಗಲೇಬೇಕೆಂಬ ಹಠವಿರುವ ಮಳಖೇಡದವರಿಗೆ ದಕ್ಷಿಣ, ಉತ್ತರಗಳೆರಡನ್ನೂ ಬಿಟ್ಟ ಮೂರನೆಯ ಮಾರ್ಗವೊಂದಿದೆ: ವಾಡಿಯಲ್ಲಿ ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿ ಬೆಂಗಳೂರಿಗೆ ಹೋಗುವುದು. ಟಿಕೆಟನ್ನು ಮುಂಗಡವಾಗಿ ಮಾಡಿಸಿಕೊಳ್ಳಬೇಕು. ರೈಲಿನಲ್ಲಿ ಮದ್ಯ ನಿಷಿದ್ಧವಾದ್ದರಿಂದ ಬುತ್ತಿಯಲ್ಲಿ ಕಡಕ್ ರೊಟ್ಟಿ, ಹಿಂಡಿ ಮಾತ್ರ ಇರಲಿ.