ಪಾಸಣ್ಣ

ಅವರ ನಿಜವಾದ ಹೆಸರು ಸಂಬಳದ ಚೀಟಿಯಲ್ಲಿ ಮಾತ್ರ ಉಳಿದಿದೆ. ಆಫೀಸಿನ ಉಳಿದ ಎಲ್ಲ ವ್ಯವಹಾರಕ್ಕೂ ಅವರು ಪಾಸಣ್ಣ. ಪರೀಕ್ಷೆ ಪಾಸಾಗಿಯೋ ಬಸ್ ಪಾಸಿನಿಂದಲೋ ಬಂದ ಹೆಸರಲ್ಲ ಅದು. ಪೈಥಾನ್‌ನಲ್ಲಿ ಏನೇ ಪ್ರೋಗ್ರಾಂ ಬರೆಯಲಿ, 'ಟ್ರೈ' ಅಂತ ಹಿಡಿದು 'ಎಕ್ಸೆಪ್ಟ್, ಪಾಸ್' ಅಂತ ಮುಗಿಸುತ್ತಾರೆ. ಮಾಡಿ ನೋಡು, ಎಡವಟ್ಟಾದರೆ ಯಾರಿಗೂ ಹೇಳಬೇಡ, ಮುಂದೆ ನಡಿ ಅಂತ ಅದರರ್ಥ.

ಸೋಮಾರಿ ಅಂತ ಮಾತ್ರ ತಿಳಿಯಬೇಡಿ. ಪಾಸಣ್ಣ ಶಾಂತಿಪ್ರಿಯರು. ದರ್ಶಿನಿಯಲ್ಲಿ ಮಸಾಲೆದೋಸೆ ಕೇಳಿ ಸೆಟ್‌ದೋಸೆ ಬಂದರೆ ಅದನ್ನೇ ತಿಂದು ಕೈ ತೊಳೆಯುತ್ತಾರೆ. ಆಟೋದವನು ಜಯನಗರ ಅಂದದ್ದನ್ನು ರಾಜಾಜಿನಗರ ಅಂತ ಕೇಳಿಸಿಕೊಂಡು ಹೊರಟರೆ, 'ಅಲ್ಲೂ ನಮ್ಮ ದೊಡ್ಡಮ್ಮ ಇದ್ದಾರೆ' ಅಂತ ಕೂತೇ ಇರುತ್ತಾರೆ. ಅವರ ಕಾರಿನಲ್ಲಿ ಎಂಜಿನ್ ಕೆಟ್ಟಿದೆ ಅಂತ ಹೇಳುವ ಹಳದಿ ದೀಪ ಹತ್ತಿ ಎರಡು ವರ್ಷವಾಯಿತು. ಅದರ ಮೇಲೆ ಪುಟ್ಟ ಗಣಪತಿ ಸ್ಟಿಕ್ಕರ್ ಅಂಟಿಸಿದ್ದಾರೆ. ಕತ್ತಲಲ್ಲಿ ಗಣಪತಿಯ ಹಿಂದೆ ಪ್ರಭಾವಳಿಯಂತೆ ಬೆಳಕು ಬರುತ್ತದೆ. ನೋಡಿದವರು ಕೈ ಮುಗಿಯುತ್ತಾರೆ.

ಇಂಥವರ ಜೊತೆ ನನಗೆ ಒಪ್ಪಿಸಿದ್ದು ಹಳೆಯ ಕ್ರಯಪತ್ರಗಳ ಕೆಲಸ. ಸ್ಕ್ಯಾನ್ ಮಾಡಿ ತೆಗೆದ ಪಠ್ಯದಿಂದ ತಾರೀಖು ಹೆಕ್ಕಿ ಪಟ್ಟಿ ಮಾಡಬೇಕು. ಕೇಳುವುದಕ್ಕೆ ಸುಲಭ. ಆದರೆ ನಮ್ಮ ಪತ್ರಬರಹಗಾರರು ತಾರೀಖನ್ನು ಬರೆಯುತ್ತಿರಲಿಲ್ಲ, ಮೆರವಣಿಗೆ ಮಾಡಿಸುತ್ತಿದ್ದರು: 'ಸಾವಿರದ ಒಂಬೈನೂರ ಎಪ್ಪತ್ತನಾಲ್ಕನೇ ಇಸವಿ ಜೂನ್ ಮಾಹೆ ತಾರೀಖು ಹದಿನೈದರಲ್ಲು.' ಇನ್ನೊಬ್ಬರದು 15-6-74. ಮತ್ತೊಬ್ಬರದು ೧೫-೬-೧೯೭೪. ಸ್ಕ್ಯಾನಿಂಗಿನಲ್ಲಿ ಸೊನ್ನೆ ಹೋಗಿ ಇಂಗ್ಲಿಷಿನ ಓ ಅಕ್ಷರ ಆಗಿ ಕೂತದ್ದು ಬೇರೆ.

ಮೊದಲ ದಿನ ಪಾಸಣ್ಣನ ಪ್ರೋಗ್ರಾಂ ನಾಲ್ಕು ಸಾವಿರ ಪತ್ರಗಳನ್ನು ಗುಡಿಸಿಹಾಕಿತು. ಒಂದೂ ಎರರ್ ಇಲ್ಲ ಅಂದರು. ನೋಡಿದರೆ ಒಂದೂ ತಾರೀಖೂ ಇಲ್ಲ. ಕಾರಣ ಹುಡುಕಲು ನನಗೆ ಅರ್ಧ ದಿನ ಹಿಡಿಯಿತು. ಪೈಥಾನ್‌ನಲ್ಲಿ 'ಡೇಟ್‌ಟೈಮ್' ಅನ್ನುವ ಊರೊಳಗೆ 'ಡೇಟ್‌ಟೈಮ್' ಅನ್ನುವುದೇ ಒಂದು ಮನೆ. ತಾರೀಖು ಓದಿ ಹೇಳುವ 'ಸ್ಟ್ರಿಪ್‌ಟೈಮ್' ಇರುವುದು ಆ ಮನೆಯಲ್ಲಿ. ಪಾಸಣ್ಣ ಊರಬಾಗಿಲಲ್ಲೇ ನಿಂತು ಕೂಗಿದ್ದರು. 'ಅಂಥವರು ಇಲ್ಲಿಲ್ಲ ಸ್ವಾಮಿ' ಅಂತ ಪೈಥಾನ್ ನಾಲ್ಕು ಸಾವಿರ ಸಲ ಹೇಳಲು ಹೋಗಿದೆ. ನಾಲ್ಕು ಸಾವಿರ ಸಲವೂ ಇವರು ಬಾಯಿ ಮುಚ್ಚಿಸಿದ್ದಾರೆ. ನಡುವೆ ನಾನು ಗಾಬರಿಯಾಗಿ ಕಂಟ್ರೋಲ್-ಸಿ ಒತ್ತಿದ್ದೆ. ಬರಿಯ 'ಎಕ್ಸೆಪ್ಟ್' ಬರೆದರೆ ಅದು ನಿಲ್ಲಿಸು ಅನ್ನುವ ಅಪ್ಪಣೆಯನ್ನೂ ಎರರ್ ಅಂತಲೇ ಹಿಡಿದು ನುಂಗುತ್ತದೆ. ನುಂಗಿತು.

"ಎರರ್ ಇಲ್ಲ ಅಂದಿದ್ರಲ್ಲ ಪಾಸಣ್ಣ?"

"ಕಾಣಿಸ್ತಿಲ್ಲ ಅಂದಿದ್ದೆ ಕಣಪ್ಪ."

ಎರಡನೆಯ ವಾರ ಅವರಿಗೆ 'ಡೇಟ್‌ಯುಟಿಲ್' ಸಿಕ್ಕಿತು. ಹೆಚ್ಚುಕಡಿಮೆ ಯಾವ ರೂಪದಲ್ಲಿ ತಾರೀಖು ಕೊಟ್ಟರೂ ಬೇಡ ಅನ್ನದ ಧಾರಾಳಿ ಲೈಬ್ರರಿ ಅದು. ಸಮಾನಶೀಲರ ಸ್ನೇಹ ಅಂದರೆ ಹೀಗಿರಬೇಕು. ಹೇಳದೆ ಬಿಟ್ಟರೆ ಅದು ಅಮೆರಿಕದವರಂತೆ ತಿಂಗಳನ್ನು ಮೊದಲು ಓದುತ್ತದೆ. 3/4/1974 ಅಂದರೆ ಮಾರ್ಚ್ 4. ಹತ್ತು ದಿನದ ನಂತರ ಅದೇ ಕಚೇರಿಯಲ್ಲಿ ಅದೇ ಪೆನ್ನಿನಲ್ಲಿ ಬರೆದ 13/4/1974ಕ್ಕೆ ಬಂದಾಗ, ಹದಿಮೂರನೇ ತಿಂಗಳು ಇಲ್ಲವಲ್ಲ, ಸದ್ದಿಲ್ಲದೆ ಮಗ್ಗುಲು ಬದಲಿಸಿ ಏಪ್ರಿಲ್ 13 ಅನ್ನುತ್ತದೆ. ದಿನ ಮೊದಲು ಅಂತ ಹೇಳಲು 'ಡೇಫಸ್ಟ್' ಅನ್ನುವ ಒಂದು ಮಾತು ಸಾಕಿತ್ತು. ಆ ಮಾತು ಯಾರು ಆಡಬೇಕು?

ಅದರಲ್ಲೇ 'ಫಜಿ' ಅಂತ ಒಂದು ಸೌಲಭ್ಯ: ಸಾಲಿನಲ್ಲಿ ಅರ್ಥವಾಗದ್ದನ್ನೆಲ್ಲ ಬಿಟ್ಟು ತಾರೀಖಿನಂತೆ ಕಂಡದ್ದನ್ನು ಆರಿಸಿಕೊಳ್ಳುತ್ತದೆ, ಕೊರತೆ ಬಿದ್ದದ್ದನ್ನು ಇವತ್ತಿನ ದಿನಾಂಕದಿಂದ ತುಂಬಿಕೊಳ್ಳುತ್ತದೆ. ಒಂದು ಇಂಗ್ಲಿಷ್ ಪತ್ರದಲ್ಲಿ ತಾರೀಖಿದ್ದ ಜಾಗವನ್ನು ಗೆದ್ದಲು ತಿಂದಿತ್ತು. ಉಳಿದ ಅಂಕಿ ಒಂದೇ, 10 ಗುಂಟೆ. ಪಟ್ಟಿಯಲ್ಲಿ ಏನು ಬಂತು ಗೊತ್ತೇ? ಅದೇ ತಿಂಗಳ 10ನೇ ತಾರೀಖು! ಮಾರಿದವರೂ ಕೊಂಡವರೂ ತೀರಿಕೊಂಡು ಎಷ್ಟೋ ಕಾಲವಾಗಿದೆ, ವ್ಯವಹಾರ ಮಾತ್ರ ಮೊನ್ನೆ ಮೊನ್ನೆ ನಡೆದಿದೆ. ಎರಡಂಕಿಯ ಇಸವಿಗಳ ಕಥೆ ಇನ್ನೊಂದು. ಅವಕ್ಕೆ ಸ್ಟ್ರಿಪ್‌ಟೈಮ್ ಹಚ್ಚಿದ್ದರು. ಅದರ ಲೆಕ್ಕದಲ್ಲಿ 69ರಿಂದ 99 ಹೋದ ಶತಮಾನ, 0ಯಿಂದ 68 ಈ ಶತಮಾನ. 74 ಬಚಾವಾಯಿತು. 45ರಲ್ಲಿ ಮಾರಿದ ತೋಟ 2045ರಲ್ಲಿ ಮಾರಾಟವಾಗಲಿದೆ ಅಂತ ದಾಖಲಾಯಿತು.

ಕನ್ನಡ ಅಂಕಿಯ ಪತ್ರಗಳನ್ನು ನಾನೇ ಇಟ್ಟುಕೊಂಡೆ. ಪೈಥಾನ್‌ಗೆ ೧೯೭೪ ಅಂತ ಕೊಟ್ಟರೆ ಕನ್ನಡ ಶಾಲೆಯಲ್ಲಿ ಓದಿದ ಹಾಗೆ ಅದನ್ನು ಸಂಖ್ಯೆಯಾಗಿ ತೆಗೆದುಕೊಳ್ಳುತ್ತದೆ, ಖುಷಿಪಟ್ಟೆ. ಆದರೆ ನಮ್ಮಲ್ಲಿದ್ದ ಆವೃತ್ತಿಯ ಸ್ಟ್ರಿಪ್‌ಟೈಮ್ ಇಸವಿಯ ಜಾಗದಲ್ಲಿ ಕನ್ನಡ ಅಂಕಿ ಒಪ್ಪಿತು, ದಿನದ ಜಾಗದಲ್ಲಿ ಒಲ್ಲೆ ಅಂದಿತು. ವರ್ಷಕ್ಕೆ ಕನ್ನಡ ಆಗಬಹುದು, ದಿನಕ್ಕೆ ಬೇಡ. ರಾಜ್ಯೋತ್ಸವದ ಭಾಷಣಕಾರರ ಹತ್ತಿರ ಕಲಿತಿರಬೇಕು.

ಕೊನೆಗೆ ಒಂದು ಶನಿವಾರ ಕೂತು ಎಲ್ಲಾ ಬಿಚ್ಚಿ ಹೊಸದಾಗಿ ಬರೆದೆ. 'ವ್ಯಾಲ್ಯೂಎರರ್' ಬಂದರೆ ಮಾತ್ರ ಹಿಡಿ, ಆ ಸಾಲನ್ನು ಪತ್ರದ ನಂಬರ್ ಸಮೇತ ಬೇರೆ ಫೈಲಿಗೆ ಬರೆ, ಬೇರೆ ಏನೇ ಆದರೂ ನಿಂತುಬಿಡು. ಸೋಮವಾರ ಆ ಫೈಲಿನಲ್ಲಿ 312 ಸಾಲು ಸೇರಿದ್ದವು. ಒಬ್ಬ ಪುಣ್ಯಾತ್ಮ ಜೂನ್ 31ರಂದು ಹೊಲ ಮಾರಿದ್ದ. ಇನ್ನೊಬ್ಬ ತಾರೀಖಿನ ಜಾಗದಲ್ಲಿ ಸಾಕ್ಷಿಯ ಹೆಸರು ಬರೆಸಿದ್ದ.

ಪಾಸಣ್ಣ ನೋಡಿ ಮರುಗಿದರು. "ಮುನ್ನೂರ ಹನ್ನೆರಡು ಎರರ್ರಾ? ಪಾಪ. ನನ್ನದ್ರಲ್ಲಿ ಒಂದೂ ಬರ್ತಿರಲಿಲ್ಲ." ಮ್ಯಾನೇಜರ್ ಕೂಡ ನನ್ನನ್ನೇ ಕರೆದು, ಇಬ್ಬರೂ ಮಾಡಿದ್ದು ಒಂದೇ ಕೆಲಸ, ನಿನ್ನ ವರದಿಯಲ್ಲಿ ಮಾತ್ರ ಯಾಕೆ ಇಷ್ಟು ಕೆಂಪು ಅಂತ ವಿಚಾರಿಸಿದರು. ಆ ವರ್ಷದ ಇಂಕ್ರಿಮೆಂಟು ಯಾರಿಗೆ ಎಷ್ಟು ಬಂತು ಅನ್ನುವುದು ಬೇಡ ಬಿಡಿ.

ಜೂನ್ 1 ಬಂತು. ಪಾಸಣ್ಣನ ಹುಟ್ಟುಹಬ್ಬ. ನಮ್ಮ ಮಹಡಿಯಲ್ಲಿ ಐವತ್ತು ದಾಟಿದ ನಾಲ್ವರಿದ್ದಾರೆ, ಮೂವರು ಅವತ್ತೇ ಹುಟ್ಟಿದವರು. ಒಂದೇ ಕೇಕಿಗೆ ಮೂರು ಚಾಕು. ಫೋನಿನ ಆ ಕಡೆ ಅವರ ತಾಯಿ. ನಾನೂ ಮಾತಾಡಿಸಿ ಶುಭಾಶಯ ಹೇಳಿದೆ.

"ಅಯ್ಯೋ, ಅದು ಇಸ್ಕೂಲಿನ ತಾರೀಕು ಕಣಪ್ಪ. ಯಾವತ್ತು ಹುಟ್ಟಿದ್ದು ಅಂತ ಮೇಷ್ಟ್ರು ಕೇಳಿದ್ರು, ಇವರಪ್ಪ ತಲೆ ಕೆರಕೊಂಡ್ರು. ಮೇಷ್ಟ್ರೇ ಬರಕೊಂಡ್ರು. ಇವನು ಹುಟ್ಟಿದ್ದು ಕೆರೆ ಕೋಡಿ ಬಿದ್ದ ವರ್ಷ, ಗೌರಿಹಬ್ಬ ಕಳೆದು ಮೂರನೇ ದಿನ, ನಮ್ಮ ಎಮ್ಮೆ ಈಯ್ದ ರಾತ್ರಿ."

ಪಾಸಣ್ಣ ಕೇಕು ಬಾಯಿಗಿಟ್ಟುಕೊಂಡು ನನ್ನ ಕಡೆ ನೋಡಿದರು. "ಐವತ್ತೆರಡು ವರ್ಷ ಓಡಿದೀನಿ ನೋಡು. ಏನಾದ್ರೂ ತೊಂದರೆ ಆಗಿದೆಯಾ?"

ನಾನು ನನ್ನ ಜಾಗಕ್ಕೆ ಹೋಗಿ ಆ ಫೈಲು ತೆರೆದೆ. ಅಮ್ಮ ಹೇಳಿದ್ದನ್ನು ಒಂದಕ್ಷರ ಬಿಡದೆ ಕೊನೆಯಲ್ಲಿ ಸೇರಿಸಿದೆ. ಸಾಲು 313, ತಾರೀಖು ಪತ್ತೆಯಾಗಿಲ್ಲ.