ನಮ್ಮ ಬಚ್ಚಲ ಮಾರಿಕಣಿವೆ

ನಾನು ಚಿಕ್ಕವನಿದ್ದಾಗ ಯಾರ ಮನೆಯಲ್ಲಿ ಮಿಂದು ಬಂದೆ ಎಂಬುದನ್ನು ನಮ್ಮಜ್ಜಿ ತಲೆ ಮೂಸಿ ಹೇಳುತ್ತಿದ್ದಳು. ಹೊಸದುರ್ಗದ ದೊಡ್ಡಮ್ಮನ ಮನೆಯಾದರೆ ತೆಂಗಿನ ಮಟ್ಟೆಯ ಹೊಗೆ. ಹೊಳಲ್ಕೆರೆಯ ಅತ್ತೆ ಮನೆಯಾದರೆ ಅಡಿಕೆ ಸಿಪ್ಪೆಯದು. ಈ ಸಿಪ್ಪೆ ಧಗಧಗ ಉರಿಯುವುದೂ ಇಲ್ಲ, ಆರಿ ಸಾಯುವುದೂ ಇಲ್ಲ. ಆಸ್ತಿ ಪಾಲಾದ ದಾಯಾದಿಯ ಹಾಗೆ ಒಳಗೊಳಗೇ ಹೊಗೆಯಾಡುತ್ತಿರುತ್ತದೆ. ಚಿತ್ರದುರ್ಗದ ನಮಗೆ ತೋಟವೆಲ್ಲಿಂದ ಬರಬೇಕು? ಬಳ್ಳಾರಿ ಜಾಲಿಯೇ ಗತಿ. ಮಳೆ ಕೈಕೊಟ್ಟ ವರ್ಷವೂ ಹುಲುಸಾಗಿ ಬೆಳೆಯುವ ಏಕೈಕ ಬೆಳೆ ಅದು. ಕಾವು ಜೋರು, ಆದರೆ ಒಲೆ ಸೇರುವ ಮುಂಚೆ ಹೊತ್ತವರ ಕೈಯಿಂದ ಎರಡು ಹನಿ ರಕ್ತದ ಸುಂಕ ಕಕ್ಕಿಸಿಕೊಳ್ಳುತ್ತಿತ್ತು.

ಇಷ್ಟೆಲ್ಲ ಉರುವಲು ನುಂಗುತ್ತಿದ್ದದ್ದು ಬಚ್ಚಲ ಮೂಲೆಯ ತಾಮ್ರದ ಬಾಯ್ಲರ್. ನಡುವೆ ಬೆಂಕಿಯ ಕೊಳವೆ, ಸುತ್ತ ನೀರು. ಮೇಲೆ ಒಂದು ಕಡೆ ಆಲಿಕೆ, ಇನ್ನೊಂದು ಕಡೆ ಸೊಂಡಿಲು. ಆಲಿಕೆಗೆ ಸುರಿದ ತಣ್ಣೀರು ತಳಕ್ಕೆ ಇಳಿದು, ಮೇಲಿದ್ದ ಬಿಸಿನೀರನ್ನು ಸೊಂಡಿಲಿನಿಂದ ಆಚೆ ದಬ್ಬುತ್ತದೆ. ಒಂದು ಚೊಂಬು ಕೊಟ್ಟರೆ ಒಂದು ಚೊಂಬು ವಾಪಸ್ಸು. ಇಷ್ಟು ಪ್ರಾಮಾಣಿಕವಾದ ಲೇವಾದೇವಿಯನ್ನು ನಾನು ಆಮೇಲೆ ಎಲ್ಲೂ ಕಂಡಿಲ್ಲ.

ಅಜ್ಜಿ ಹಿರಿಯೂರಿನವಳು. 1907ರಲ್ಲಿ ಕಟ್ಟಿ ಮುಗಿಸಿದ ವಾಣಿವಿಲಾಸ ಸಾಗರ ಅವಳ ಬಾಯಲ್ಲಿ ಎಂದೂ ಮಾರಿಕಣಿವೆಯೇ. 1933ರಲ್ಲಿ ಅದು ಕೋಡಿ ಬಿದ್ದಾಗ ಐದು ವರ್ಷದ ಅವಳು ಅಪ್ಪನ ಹೆಗಲ ಮೇಲೆ ಕೂತು ನೋಡಿದ್ದಳಂತೆ. ಆಮೇಲೆ ವರ್ಷಗಟ್ಟಲೆ ಕಾದರೂ ಕೋಡಿ ಬೀಳಲಿಲ್ಲ. ಆ ಆಸೆಯನ್ನೆಲ್ಲ ಅವಳು ಬಾಯ್ಲರಿನ ಮೇಲೆ ಹಾಕಿ, ಸೊಂಡಿಲಿಗೆ ‘ಕೋಡಿ’ ಎಂದೇ ಹೆಸರಿಟ್ಟಿದ್ದಳು. ಅವಳ ಮೊದಲ ಕಾನೂನು: “ಕೋಡಿ ಬಿದ್ದರೇನೇ ಕಡ್ಡಿ ಗೀರಬೇಕು.” ಅಂದರೆ, ಮೊದಲು ಒಂದು ಚೊಂಬು ಸುರಿ, ಸೊಂಡಿಲಲ್ಲಿ ನೀರು ಬಂದರೆ ಮಾತ್ರ ಬೆಂಕಿ.

ಇನ್ನೂ ಕಾನೂನುಗಳಿದ್ದವು. ಸೌದೆಯನ್ನು ನೆಲಕ್ಕೆ ಕುಟ್ಟದೆ ಎತ್ತಬಾರದು, ಚೇಳಿಗೂ ಅಲ್ಲೊಂದು ಸಂಸಾರವಿರುತ್ತದೆ. ಆಷಾಢದ ಗಾಳಿಯಲ್ಲಿ ಬಚ್ಚಲ ಬಾಗಿಲು ತೆರೆದಿಡಬಾರದು. ಈಗ ಜೋಗಿಮಟ್ಟಿಯ ಸಾಲಿನಲ್ಲಿ ಗಾಳಿಯಂತ್ರ ತಿರುಗಿಸುವ ಆ ಗಾಳಿ ಆಗ ನಮ್ಮ ಒಲೆಯ ಕಿಡಿಯನ್ನು ಪಕ್ಕದ ಮನೆಯ ಹುಲ್ಲಿನ ಬಣವೆಗೆ ತೋರಿಸಿ ಬರುತ್ತಿತ್ತು. ಹೊಗೆಯಾಡುವ ಒಲೆಗೆ ಸೀಮೆಎಣ್ಣೆ ಸುರಿಯಲೇಬಾರದು. ಬಿಸಿಗೆ ಎಣ್ಣೆ ಆವಿಯಾಗಿ ನಿಂತಿರುತ್ತದೆ, ಒಂದು ಕಿಡಿ ಸಾಕು, ಉರಿ ಧಾರೆ ಹಿಡಿದು ಡಬ್ಬಿಯವರೆಗೂ ಹತ್ತಿ ಬರುತ್ತದೆ. ಇದಕ್ಕೆ ಪುರಾವೆ ಚಿಕ್ಕಪ್ಪನ ಎಡಮೀಸೆ. ಮದುವೆಗೆ ಹನ್ನೊಂದು ದಿನವಿರುವಾಗ ಅದು ಹೋಯಿತು. ಬಲಮೀಸೆಯನ್ನು ಕ್ಷೌರದಂಗಡಿಯಲ್ಲಿ ಕಾಸು ಕೊಟ್ಟು ತೆಗೆಸಬೇಕಾಯಿತು.

ಅದೇ ಚಿಕ್ಕಪ್ಪ ಒಂದು ಶನಿವಾರ ಸಂಜೆ ಬಾಯ್ಲರಿನ ತಳದ ನಲ್ಲಿ ಬಿಚ್ಚಿ ನೀರೆಲ್ಲ ಖಾಲಿ ಮಾಡಿದ. ನಮ್ಮದು ಗಡಸು ನೀರು, ಒಳಗೆ ಸುಣ್ಣದ ಪದರು ಕಟ್ಟುತ್ತದೆ, ಬೆಳಿಗ್ಗೆ ಕೆರೆದು ತೆಗೆಯೋಣ ಎಂದು. ಹೇಳಬೇಕಾದದ್ದು ನನಗೆ, ಹೇಳಿದ್ದು ಚಿಕ್ಕಮ್ಮನಿಗೆ. ಬೆಳಿಗ್ಗೆ ಐದಕ್ಕೆದ್ದ ನಾನು ಅಜ್ಜಿಯ ಹೊಗಳಿಕೆಯ ಆಸೆಗೆ ಚೊಂಬನ್ನು ಮರೆತು ಕಡ್ಡಿ ಗೀರಿದೆ. ಜಾಲಿ ಭರ್ಜರಿಯಾಗಿ ಹತ್ತಿಕೊಂಡಿತು. ಬಾಯ್ಲರ್ ಎಂದಿನ ಹಾಗೆ ಗುಂಯ್ ಎನ್ನದೆ ಟಕ್ ಟಕ್ ಎಂದಿತು. ಆಮೇಲೆ ನಲ್ಲಿಯ ಬುಡದಲ್ಲಿ ಬೆಳ್ಳಿಯಂಥ ಒಂದು ಹನಿ ಮೂಡಿ, ಉಬ್ಬಿ, ನಡುಗಿ, ಟಪ್ ಎಂದು ಕಲ್ಲಿನ ಮೇಲೆ ಬಿದ್ದು ನಾಣ್ಯದಂತೆ ಹರಡಿಕೊಂಡಿತು. ಎಷ್ಟು ಚೆನ್ನಾಗಿತ್ತೆಂದರೆ ಎರಡನೆಯದಕ್ಕೆ ಕಾದೆ. ಎರಡನೆಯದರ ಹಿಂದೆಯೇ ನಲ್ಲಿಯೂ ಬಿತ್ತು.

ತಾಮ್ರ ಕರಗಲು 1085 ಡಿಗ್ರಿ ಬೇಕು. ತವರ-ಸೀಸದ ಬೆಸುಗೆಗೆ 190ರ ಆಸುಪಾಸು ಸಾಕು. ಒಳಗೆ ನೀರಿದ್ದರೆ ಬೆಸುಗೆಯ ಬಿಸಿಯನ್ನೆಲ್ಲ ಅದು ಹೀರಿಕೊಳ್ಳುತ್ತದೆ ಎಂಬುದನ್ನು ನಾನು ಕಾಲೇಜಿನಲ್ಲಿ ಓದಿದೆ. ಅಜ್ಜಿ ಅವತ್ತೇ ಹೇಳಿದಳು, ಬೆನ್ನಿನ ಮೇಲೆ. ಗಾಬರಿಯಲ್ಲಿ ನಾನು ಆಲಿಕೆಗೆ ತಣ್ಣೀರು ಸುರಿಯಲು ಹೋಗಿದ್ದೆ. “ಸುಡೋ ತಾಮ್ರಕ್ಕೆ ನೀರಾ? ಮುಖ ಬೇಯಿಸ್ಕೊಂತೀಯೇನೋ!” ಎಂದು ಬಕೆಟ್ ಕಿತ್ತುಕೊಂಡು, ಕೊಳ್ಳಿಗಳನ್ನು ಆಚೆ ಎಳೆದಳು. ಕಲಾಯಿ ಸಾಬರು ಬಂದು ಬೆಸುಗೆ ಹಾಕುವ ತನಕ ಮನೆಮಂದಿಯೆಲ್ಲ ತಣ್ಣೀರು ಮಿಂದು, ಪ್ರತಿ ಚೊಂಬಿಗೂ ಒಮ್ಮೆ ನನ್ನ ಹೆಸರು ಹೇಳಿದರು.

2022ರ ಸೆಪ್ಟೆಂಬರಿನಲ್ಲಿ, 89 ವರ್ಷದ ಮೇಲೆ, ಮಾರಿಕಣಿವೆ ಮತ್ತೆ ಕೋಡಿ ಬಿತ್ತು. ಅಜ್ಜಿ ಇರಲಿಲ್ಲ. ನಾನೂ ಚಿಕ್ಕಪ್ಪನೂ ಹೋಗಿದ್ದೆವು. ಜನಜಂಗುಳಿಯ ನಡುವೆ ಅವನು ಬೆಳ್ಳಗೆ ಧುಮುಕುವ ನೀರನ್ನು ಬಹಳ ಹೊತ್ತು ನೋಡಿದ. ನರೆತ ಎಡಮೀಸೆಯನ್ನು ಒಮ್ಮೆ ಸವರಿಕೊಂಡು, ನನ್ನ ಕಡೆ ತಿರುಗಿ ಹೇಳಿದ:

“ಹೂಂ, ಇನ್ನು ಗೀರು ಕಣೋ ಕಡ್ಡೀನ.”