ರಕ್ತಸುಧಾಧಿಕ್ಯ ಮೀಮಾಂಸೆ

ವಿಷಯ

ರಕ್ತದಲ್ಲಿ ಸುಧೆಯೆನಿಸಿದ ಸುಣ್ಣಾಂಶವು ಮೇರೆ ಮೀರುವ ವ್ಯಾಧಿಯನ್ನು, ಎಂದರೆ ವೈದ್ಯರು ಹೈಪರ್‌ಕ್ಯಾಲ್ಸೀಮಿಯಾ ಎಂದು ಕರೆಯುವುದನ್ನು, ಕುರಿತು ಪರದೇಶದ ಪಂಡಿತರು ಬರೆದಿರುವುದು ಅಪಾರವಾದರೂ, ಅವರಲ್ಲೊಬ್ಬರೂ ವಾಡಿ ಜಂಕ್ಷನ್ನಿನಲ್ಲಿ ಇಳಿದವರಲ್ಲವೆಂಬುದು ಅವರ ಬರಹಗಳಿಂದಲೇ ವೇದ್ಯವಾಗುತ್ತದೆ. ಇಳಿದಿದ್ದರೆ, ಭೀಮಾ ಕಾಗಿಣಾ ನದಿಗಳ ಸೀಮೆಯಲ್ಲಿ ಪದರಪದರವಾಗಿ ಹಾಸಿಕೊಂಡಿರುವ ಸುಣ್ಣಕಲ್ಲನ್ನೂ, ಆ ಕಲ್ಲಿನದೇ ಗೋಡೆ, ಆ ಕಲ್ಲಿನದೇ ಮಾಳಿಗೆಯ ಕೆಳಗೆ ಹುಟ್ಟಿ, ಫರಸಿಯ ಮೇಲೆ ಅಂಬೆಗಾಲಿಟ್ಟು, ಸಿಮೆಂಟಿನ ದೂಳಿನಲ್ಲಿ ನಡೆದು, ಎಲೆಗೆ ಸುಣ್ಣ ಸವರುತ್ತಲೇ ಮುಪ್ಪಾಗುವ ಜನರನ್ನೂ ಕಂಡು, ತಮ್ಮ ಗ್ರಂಥಗಳ ಪೀಠಿಕೆಯನ್ನಾದರೂ ತಿದ್ದಿಕೊಳ್ಳುತ್ತಿದ್ದರು. ಆ ನ್ಯೂನತೆಯನ್ನು ನೀಗುವುದೇ ಪ್ರಕೃತ ಪ್ರಬಂಧದ ಉದ್ದೇಶ. ಟೀಕಾಚಾರ್ಯ ಜಯತೀರ್ಥರ ಹೆಸರಿನೊಡನೆ ಬೆಸೆದ ಮಳಖೇಡವು ಈ ಸೀಮೆಯ ಸೇಡಂ ತಾಲ್ಲೂಕಿನಲ್ಲಿಯೇ ಇರುವುದರಿಂದ, ಪೂರ್ವಪಕ್ಷವನ್ನು ಮೊದಲು ಮಂಡಿಸಿ ಬಳಿಕ ಖಂಡಿಸುವ ಕ್ರಮವನ್ನು ಬಿಟ್ಟು ನಡೆಯುವುದು ಅವಿನಯವಾದೀತೆಂದು ಅದನ್ನೇ ಹಿಡಿಯಲಾಗಿದೆ.

ಪೂರ್ವಪಕ್ಷ

ಪೂರ್ವಪಕ್ಷಿಯ ವಾದವಿದು: ದೇಶವು ಯಾವ ದ್ರವ್ಯದಿಂದಾಗಿದೆಯೋ ದೇಹವೂ ಅದರಿಂದಲೇ ತುಂಬತಕ್ಕದ್ದು. ಶಹಾಬಾದಿನ ಕಲ್ಲು ಮುಖ್ಯವಾಗಿ ಕ್ಯಾಲ್ಸಿಯಂ ಕಾರ್ಬೊನೇಟು. ಔಷಧದಂಗಡಿಯ ಸುಣ್ಣದ ಮಾತ್ರೆಗಳಲ್ಲಿ ಅನೇಕವೂ ಅದೇ. ಒಂದನ್ನು ಚದರಡಿಯ ಲೆಕ್ಕದಲ್ಲಿ ಮಾರುವರು, ಇನ್ನೊಂದನ್ನು ಡಬ್ಬಿಯ ಲೆಕ್ಕದಲ್ಲಿ, ಭೇದವಿಷ್ಟೇ. ಚಿತ್ತಾಪುರ ತಾಲ್ಲೂಕಿನ ಸನ್ನತಿಯ ಬಳಿ, ಕನಗನಹಳ್ಳಿಯ ಸ್ತೂಪದಲ್ಲಿ, ಸಾಕ್ಷಾತ್ ಅಶೋಕ ಚಕ್ರವರ್ತಿಯೇ ಸುಣ್ಣಕಲ್ಲನ್ನಾಶ್ರಯಿಸಿ ರಾಣಿಯೊಡನೆ ನಿಂತಿರುವಾಗ, ಆ ಸುಣ್ಣವು ಪ್ರಜೆಯ ರಕ್ತದಲ್ಲಿ ನಿಲ್ಲಲಾರದೆನ್ನುವುದು ರಾಜಮರ್ಯಾದೆಗೆ ಸಲ್ಲದು. ಮೇಲಾಗಿ, ಬಿಸಿಲು ಬಿದ್ದ ಚರ್ಮದಲ್ಲಿ ವಿಟಮಿನ್ ಡಿ ಹುಟ್ಟುತ್ತದೆ. ಅದು ಕರುಳಿನ ಸುಣ್ಣವನ್ನು ರಕ್ತಕ್ಕೆ ಸೆಳೆಯುತ್ತದೆ. ಬಿಸಿಲಾದರೋ ಈ ಸೀಮೆಯಲ್ಲಿ ಯಾರ ಅಪ್ಪಣೆಯನ್ನೂ ಕೇಳದೆ ಸುರಿಯುತ್ತದೆ. ಆದುದರಿಂದ ವೈಶಾಖದ ಮಧ್ಯಾಹ್ನ ವಾಡಿಯ ಪ್ಲಾಟ್‌ಫಾರಂನಲ್ಲಿ ಗಾಡಿ ಕಾಯುವ ಪ್ರತಿಯೊಬ್ಬನೂ ಸುಧಾಧಿಕ್ಯದ ರೋಗಿಯೆಂದು ಸಿದ್ಧವಾಯಿತು.

ಉತ್ತರಪಕ್ಷ

ಈ ವಾದದಲ್ಲಿರುವ ದೋಷವೊಂದೇ: ದೇಹಕ್ಕೆ ತರ್ಕಶಾಸ್ತ್ರ ತಿಳಿಯದು. ಪ್ರಾಪ್ತವಯಸ್ಕನ ಮೈಯಲ್ಲಿ ಸುಮಾರು ಒಂದು ಕಿಲೋ ಕ್ಯಾಲ್ಸಿಯಂ ಇದ್ದು, ನೂರರಲ್ಲಿ ತೊಂಬತ್ತೊಂಬತ್ತು ಪಾಲು ಎಲುಬು ಹಲ್ಲುಗಳಲ್ಲಿಯೇ ಠೇವಣಿಯಾಗಿರುತ್ತದೆ. ರಕ್ತವು ಡೆಸಿಲೀಟರಿಗೆ 8.5ರಿಂದ 10.5 ಮಿಲಿಗ್ರಾಮಿನೊಳಗೆ ಮಾತ್ರ ಅದನ್ನು ಇರಗೊಡುತ್ತದೆ. ಈ ಮೇರೆಯನ್ನು ಕಾಯುವವು ಥೈರಾಯ್ಡಿನ ಬೆನ್ನಿಗೆ ಅಂಟಿಕೊಂಡಿರುವ, ಸಾಮಾನ್ಯವಾಗಿ ನಾಲ್ಕು, ತೊಗರಿಬೇಳೆಯಷ್ಟೇ ಗಾತ್ರದ ಪ್ಯಾರಾಥೈರಾಯ್ಡ್ ಗ್ರಂಥಿಗಳು. ಇವನ್ನು ಮೊದಲು ಕಂಡದ್ದು ಮನುಷ್ಯನಲ್ಲಿ ಅಲ್ಲ. ಲಂಡನ್ನಿನ ಮೃಗಾಲಯದಲ್ಲಿ ಮಡಿದ ಭಾರತದ ಘೇಂಡಾಮೃಗವೊಂದನ್ನು ಛೇದಿಸಿದ ರಿಚರ್ಡ್ ಓವೆನನು ಅದರ ಕೊರಳಿನಲ್ಲಿ ಕಂಡನು. ಮನುಷ್ಯರ ಸರದಿ 1880ರಲ್ಲಿ, ಸ್ವೀಡನ್ನಿನ ಸಾಂಡ್‌ಸ್ಟ್ರೋಮನಿಂದ ಬಂದಿತು. ಬಿಸಿಲಿನ ವಾದವೂ ನಿಲ್ಲದು. ಚರ್ಮವು ತನಗೆ ಸಾಕಾದ ಮೇಲೆ ಹುಟ್ಟಿದ್ದನ್ನು ಅದೇ ಬಿಸಿಲಿನಲ್ಲಿ ನಿಷ್ಫಲಗೊಳಿಸಿಬಿಡುತ್ತದೆ. ಇನ್ನು ದೂಳು ಶ್ವಾಸಕೋಶಕ್ಕೆ ಶತ್ರುವಾದರೂ ರಕ್ತದ ಸುಣ್ಣವನ್ನೇರಿಸದು.

ನಿದಾನ

ಹಾಗಾದರೆ ವ್ಯಾಧಿ ಎಲ್ಲಿಂದ? ಬಹುತೇಕ ನಾಲ್ಕು ಗ್ರಂಥಿಗಳಲ್ಲೊಂದು ಉಬ್ಬಿ, ಮಿಕ್ಕವುಗಳ ಮಾತನ್ನು ಲೆಕ್ಕಿಸದೆ ಸ್ರವಿಸುವುದರಿಂದ, ಇಲ್ಲವೆ ಅರ್ಬುದರೋಗದಿಂದ. ಈ ಎರಡೇ ಸೇರಿ ರೋಗಿಗಳಲ್ಲಿ ಬಹುಪಾಲನ್ನು ಹಂಚಿಕೊಳ್ಳುತ್ತವೆ. ಉಳಿದದ್ದು ಕ್ಷಯ ಮೊದಲಾದ ವ್ಯಾಧಿಗಳಿಗೂ, ಥಯಜೈಡ್, ಲಿಥಿಯಂ ಮುಂತಾದ ಔಷಧಗಳಿಗೂ, ಕೊನೆಗೆ ಸ್ವಯಂಕೃತಾಪರಾಧಕ್ಕೂ ಸಲ್ಲುತ್ತದೆ. ವರ್ಷವಿಡೀ ಬಿಸಿಲನ್ನು ಪುಕ್ಕಟೆಯಾಗಿ ಪಡೆದು ಅದರಿಂದ ಕೊಡೆ ಹಿಡಿದು ತಪ್ಪಿಸಿಕೊಂಡವನು, 60,000 ಯೂನಿಟ್ಟಿನ ವಿಟಮಿನ್ ಡಿ ಪುಡಿಯನ್ನು ದುಡ್ಡು ಕೊಟ್ಟು ತಂದು, ವಾರಕ್ಕೊಂದೆಂದು ಬರೆದದ್ದನ್ನು ದಿನಕ್ಕೊಂದೆಂದು ಓದಿ, ತಿಂಗಳುಗಟ್ಟಲೆ ಭಕ್ತಿಯಿಂದ ಸೇವಿಸಿದರೆ, ಚರ್ಮಕ್ಕಿದ್ದ ವಿವೇಕವು ಹೊಟ್ಟೆಗಿಲ್ಲವೆಂಬುದು ಪ್ರತ್ಯಕ್ಷವಾಗುತ್ತದೆ. ಪೂರ್ವಪಕ್ಷಿಯ ಸಮಾಧಾನಕ್ಕಾಗಿ ಇನ್ನೊಂದನ್ನು ಒಪ್ಪಬೇಕು: ಎಲೆಯಡಿಕೆಯ ಸುಣ್ಣವನ್ನು ಅತಿಯಾಗಿ ಮೆದ್ದವರಲ್ಲಿ ರಕ್ತದ ಸುಣ್ಣವೇರಿ ಮೂತ್ರಪಿಂಡ ಕೆಟ್ಟ ಪ್ರಸಂಗಗಳು ವೈದ್ಯಗ್ರಂಥಗಳಲ್ಲಿ ದಾಖಲಾಗಿವೆ. ಅವನು ಹೇಳಿದ ಪ್ರಮಾಣಗಳಲ್ಲಿ ಒಂದೂ ನಿಲ್ಲಲಿಲ್ಲ; ನಿಂತದ್ದು ಅವನು ಹೇಳದೆ ಬಿಟ್ಟ ತಾಂಬೂಲವೊಂದೇ.

ಲಕ್ಷಣ ಮತ್ತು ಪರೀಕ್ಷೆ

ರೋಗಿಯು ಬಂದು, "ಸಾಹೇಬ್ರ, ಎಷ್ಟ್ ನೀರು ಕುಡದ್ರೂ ನೀರಡಿಕಿ ಹೋಗವಲ್ದು, ಹೊಟ್ಟಿ ಕಟ್ಟ್ಯಾದ, ಎಲುಬು ನೋಯ್ತಾವ, ಯಾತರ ಮ್ಯಾಲೂ ಮನಸ್ಸಿಲ್ರಿ" ಎನ್ನುತ್ತಾನೆ. ಚಿಂಚೋಳಿಯ ಬೇಸಗೆಯಲ್ಲಿ ನಿರೋಗಿಯೂ ಇಷ್ಟನ್ನೆಲ್ಲ ಹೇಳಬಲ್ಲನಾದ್ದರಿಂದ ಲಕ್ಷಣವು ಅತಿವ್ಯಾಪ್ತಿದೋಷದಿಂದ ದುಷ್ಟ, ರಕ್ತಪರೀಕ್ಷೆಯೇ ಗತಿ. ರಕ್ತದ ಸುಣ್ಣದಲ್ಲಿ ನೂರಕ್ಕೆ ಸುಮಾರು ನಲವತ್ತು ಪಾಲು ಆಲ್ಬುಮಿನ್ನಿನ ಹೆಗಲೇರಿ ಸಂಚರಿಸುವುದರಿಂದ, ಆಲ್ಬುಮಿನ್ ಡೆಸಿಲೀಟರಿಗೆ 4 ಗ್ರಾಮಿಗಿಂತ ಎಷ್ಟು ಗ್ರಾಂ ಕಡಿಮೆಯೋ ಅಷ್ಟನ್ನು 0.8ರಿಂದ ಗುಣಿಸಿ ಸುಣ್ಣದ ಅಂಕಿಗೆ ಕೂಡಿಸತಕ್ಕದ್ದು. ಬಳಿಕ ಪ್ಯಾರಾಥೈರಾಯ್ಡಿನ ಸ್ರಾವವನ್ನು ಅಳೆಯತಕ್ಕದ್ದು: ಸುಣ್ಣವೇರಿದಾಗಲೂ ಅದು ತಗ್ಗದಿದ್ದರೆ ಪ್ರಾಯಶಃ ಗ್ರಂಥಿಯೇ ಅಪರಾಧಿ, ತಗ್ಗಿದ್ದರೆ ಅರ್ಬುದವನ್ನೂ ಔಷಧದ ಡಬ್ಬಿಗಳನ್ನೂ ಶೋಧಿಸತಕ್ಕದ್ದು.

ಇಲ್ಲಿ ಒಂದು ಸೂಕ್ಷ್ಮವುಂಟು. ಗ್ರಂಥಿಯು ಕೆಟ್ಟವನ ರಕ್ತದಲ್ಲಿ ಸುಣ್ಣದ ಸಮೃದ್ಧಿಯನ್ನು ಕಂಡು ಅವನನ್ನು ಪುಷ್ಟನೆಂದು ಎಣಿಸುವವನು ಮೂಢ; ಆ ಸಮೃದ್ಧಿಯ ಬಹುಭಾಗವು ಎಲುಬಿನಿಂದ ಕಿತ್ತು ತಂದದ್ದು. ಎಲುಬು ಟೊಳ್ಳಾಗುತ್ತದೆ, ಅದರಲ್ಲಿ ಗುಳಿಗಳೇಳುತ್ತವೆ, ರಕ್ತವು ಸಂಪನ್ನವಾಗುತ್ತದೆ, ಹೆಚ್ಚಾದದ್ದು ಮೂತ್ರಪಿಂಡದಲ್ಲಿ ಹರಳಾಗಿ ನಿಲ್ಲುತ್ತದೆ.

ಸಿದ್ಧಾಂತ

ಈ ಸೂಕ್ಷ್ಮದ ಬೆಳಕಿನಲ್ಲಿ ನೋಡಿದರೆ, ರೋಗಿಯನ್ನು ಪ್ಲಾಟ್‌ಫಾರಂನ ಮೇಲೆ ಹುಡುಕಿದ್ದೇ ಪೂರ್ವಪಕ್ಷಿಯ ಪ್ರಮಾದವೆಂದು ತಿಳಿಯುತ್ತದೆ. ರೋಗವಿರುವುದು ಹಳಿಗಳ ಮೇಲೆ. 1874ರಲ್ಲಿ ನಿಜಾಮರ ರೈಲು ಮುಂಬಯಿ ಮದರಾಸುಗಳ ದಾರಿಯನ್ನು ಕೂಡಿಕೊಂಡಂದಿನಿಂದ ವಾಡಿಯು ಈ ಸೀಮೆಯ ಹೃದಯಸ್ಥಾನವಾಗಿದೆ; ಶಹಾಬಾದು, ವಾಡಿ, ಮಳಖೇಡ, ಸೇಡಂ, ಚಿಂಚೋಳಿಗಳ ಸುತ್ತ ನೆಲದ ಎಲುಬನ್ನು ಅಗೆದು, ಅರೆದು, ಸುಟ್ಟು, ಚೀಲಕ್ಕೆ ತುಂಬಿ ಗಾಡಿಗೇರಿಸಲಾಗುತ್ತದೆ; ಕಲ್ಲು ತೆಗೆದ ಗುಂಡಿಗಳಲ್ಲಿ ಮಳೆಯ ನೀರು ನಿಂತಿರುತ್ತದೆ; ಗೂಡ್ಸುಗಾಡಿಗಳು ಸುಧಾಸಂಪನ್ನವಾಗಿ ಓಡುತ್ತವೆ; ಅಂಕಿಗಳನ್ನು ಓದಿದವರು ಸೀಮೆಯು ಪುಷ್ಟವಾಗುತ್ತಿದೆಯೆಂದು ವರದಿ ಬರೆಯುತ್ತಾರೆ. ಶಾಸ್ತ್ರದೃಷ್ಟಿಯಿಂದ ನೋಡುವವನಿಗೆ ದೂರದ ಮಹಾನಗರಗಳ ಗಗನಚುಂಬಿ ಸೌಧಗಳು ಮೂತ್ರಪಿಂಡದ ಹರಳುಗಳಲ್ಲದೆ ಮತ್ತೇನೂ ಅಲ್ಲ.

ಚಿಕಿತ್ಸೆ

ಮನುಷ್ಯನಿಗೆ ಚಿಕಿತ್ಸೆಯುಂಟು. ಸುಣ್ಣದ ಮಾತ್ರೆ, ವಿಟಮಿನ್ನಿನ ಪುಡಿಗಳನ್ನು ನಿಲ್ಲಿಸುವುದು. ಒಣಗಿದ ಮೈಗೆ ಲವಣಜಲವನ್ನು ಸಿರೆಯ ಮೂಲಕ ಹರಿಸುವುದು. ತ್ವರೆಯಿದ್ದರೆ ಸಾಲ್ಮನ್ ಮೀನಿನ ಸ್ರಾವವನ್ನು ಹೋಲುವ ಕ್ಯಾಲ್ಸಿಟೋನಿನ್ ಚುಚ್ಚುವುದು. ಎಲುಬನ್ನು ಅಗೆಯುವ ಕಣಗಳ ಕೈ ಕಟ್ಟಲು ಜೊಲೆಡ್ರೋನಿಕ್ ಆಮ್ಲ ಕೊಡುವುದು. ವಿಟಮಿನ್ ಡಿಯ ಅತಿರೇಕಕ್ಕೆ ಸ್ಟೀರಾಯ್ಡ್. ಸುಣ್ಣವು 14 ಮಿಲಿಗ್ರಾಂ ದಾಟಿದರೆ ವಿಳಂಬವಿಲ್ಲದೆ ಆಸ್ಪತ್ರೆ. ಗ್ರಂಥಿಯೇ ಉಬ್ಬಿದ್ದರೆ ಶಸ್ತ್ರಕ್ರಿಯೆ. 1925ರಲ್ಲಿ ವಿಯೆನ್ನಾದ ಫೆಲಿಕ್ಸ್ ಮಾಂಡ್ಲ್ ಟ್ರಾಮು ಗಾಡಿಯ ಕಂಡಕ್ಟರನೊಬ್ಬನ ಕೊರಳಿನಿಂದ ಅದನ್ನು ತೆಗೆದು ಮೇಲ್ಪಂಕ್ತಿ ಹಾಕಿದನು.

ಸೀಮೆಯ ವಿಷಯವು ಇಷ್ಟು ಸುಲಭವಲ್ಲ. ಮನುಷ್ಯನ ಕೊರಳಿನಲ್ಲಿ ಸಾಕೆನ್ನಲು ನಾಲ್ಕು ಗ್ರಂಥಿಗಳಿದ್ದರೆ, ನೆಲದ ಕೊರಳಿನಲ್ಲಿ ಎಷ್ಟು ಅಗೆದರೂ ಒಂದೂ ಸಿಕ್ಕಿಲ್ಲ. ಆದ್ದರಿಂದ ಯಾವುದನ್ನು ಕತ್ತರಿಸಬೇಕೆಂಬ ಪ್ರಶ್ನೆಯನ್ನು ಸಮಿತಿಯೊಂದಕ್ಕೆ ಒಪ್ಪಿಸುವುದೇ ಶಿಷ್ಟಾಚಾರ. ಸಮಿತಿಯ ವರದಿ ಬರುವ ತನಕ ಎಲ್ಲ ರೋಗಿಗಳಿಗೂ ಸಮಾನವಾದ ಪಥ್ಯವೆಂದರೆ ಯಥೇಚ್ಛ ನೀರು ಕುಡಿಯುವುದು. ನಲ್ಲಿಯಲ್ಲಿ ನೀರು ಬಾರದ ದಿನಗಳಲ್ಲಿ ಈ ನಿಯಮವನ್ನು ಸಡಿಲಿಸಬಹುದು.